ಕೆಳಗೆ ಯಾರು ಹೋಗಿದ್ರಿ?

ಅಂತ್ಯಸಂಸ್ಕಾರ ಮುಗಿದು, ಬಂದಿದ್ದ ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಸೋಮವಾರ ಎಂಟೂವರೆಗೆ, ದೋಣಿ ಚಾಲಕನ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿದಳು. ಒಳಗೆ ನೆಲ ಒರೆಸುತ್ತಿದ್ದರು. ಒದ್ದೆಯ ಮೇಲೆ ಕಾಲಿಡದೆ ಆಕೆ ಬಾಗಿಲಲ್ಲೇ ನಿಂತು ಅದು ಒಣಗುವುದನ್ನು ಕಾದಳು. ಕುರ್ಚಿಯಿಂದ ಇದನ್ನು ನೋಡುತ್ತಿದ್ದ ಇನ್ಸ್‌ಪೆಕ್ಟರ್‌ಗೆ, ಈ ಹೆಂಗಸನ್ನು ಸಮಾಧಾನದ ಮಾತು ಹೇಳಿ ಕಳಿಸಲಾಗದು ಅನ್ನಿಸಿತು. ಅವರೂ ಹೆಂಗಸೇ. ಈ ಠಾಣೆಗೆ ಬಂದು ವರ್ಷವಾಗಿತ್ತು.

"ಏನಮ್ಮ?"

"ದೂರು ಕೊಡಬೇಕು."

"ಯಾರ ಮೇಲೆ?"

"ಅದನ್ನ ನೀವು ಕಂಡುಹಿಡಿದು ಹೇಳಬೇಕು, ಮೇಡಂ."

ಪಕ್ಕದ ಮೇಜಿನಲ್ಲಿದ್ದ ದಫೇದಾರ್ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ.

ಪ್ರಕರಣ ಠಾಣೆಗೆ ಹೊಸದಲ್ಲ. ಹಿಂದಿನ ಗುರುವಾರ ಮಧ್ಯಾಹ್ನ ಕೊಲ್ಲಿಯಲ್ಲಿ ಒಂದು ವಿಹಾರ ದೋಣಿ ಮುಳುಗಿತ್ತು. ಮದುವೆಯ ಮಾತುಕತೆ ಮುಗಿಸಿದ್ದ ಎರಡು ಮನೆಯವರು, ಒಬ್ಬರನ್ನೊಬ್ಬರು ಅರಿತುಕೊಳ್ಳಲಿ ಎಂದು ಒಂದು ದಿನದ ಮಟ್ಟಿಗೆ ಅದನ್ನು ಬಾಡಿಗೆಗೆ ಹಿಡಿದಿದ್ದರು. ದೋಣಿಯ ಮೂತಿ ತಗ್ಗತೊಡಗಿದಾಗ ಚಾಲಕ ಪಕ್ಕದಲ್ಲಿ ಹೋಗುತ್ತಿದ್ದ ಮೀನು ದೋಣಿಯನ್ನು ಕೂಗಿ ಕರೆದು, ಎಲ್ಲರನ್ನೂ ಅದಕ್ಕೆ ದಾಟಿಸಿದ. ಆಮೇಲೆ ನೀರು ನಿಲ್ಲಿಸಲು ತಾನೊಬ್ಬನೇ ಕೆಳಗಿಳಿದ. ಮತ್ತೆ ಮೇಲೆ ಬರಲಿಲ್ಲ. ಮುಳುಗುಗಾರರು ಅವನನ್ನು ದೋಣಿಯ ಕಕ್ಕಸಿನ ಕೋಣೆಯಿಂದ ಹೊರತೆಗೆದರು.

ಅಸಹಜ ಸಾವು ಎಂದು ವರದಿ ದಾಖಲಾಗಿತ್ತು. ದೋಣಿ ಮಾಲೀಕನ ಹೇಳಿಕೆ ಚಿಕ್ಕದಾಗಿತ್ತು: ಕಕ್ಕಸಿಗೆ ಸಮುದ್ರದ ನೀರು ತರುವ ನೀಲಿ ಲಿವರನ್ನು ಮುಚ್ಚಲು ಚಾಲಕ ಮರೆತ, ನೀರು ನುಗ್ಗಿತು. ಕೊನೆಯಲ್ಲಿ ಕೆಳಗೆ ಹೋಗಿ ಬಂದವನು ಚಾಲಕನೇ ಎಂದು ಹುಡುಗಿಯ ತಂದೆ ಹೇಳಿಕೆ ಕೊಟ್ಟಿದ್ದರು. ಕಡತ ಮುಚ್ಚಲು ಇನ್ಸ್‌ಪೆಕ್ಟರ್ ಸಹಿಯೊಂದೇ ಬಾಕಿ.

"ಇವತ್ತು ನಲ್ಲೀಲಿ ನೀರು ಬಂತು," ಅಂದಳು ಚಾಲಕನ ಹೆಂಡತಿ. "ಬಿಂದಿಗೆ ತಗೊಂಡು ಹೋದೆ. ಹಿಂದಿನ ಮನೆಯಾಕೆ ಅಂದ್ಲು, 'ನಲ್ಲಿ ಸರಿಯಾಗಿ ನಿಲ್ಲಿಸಮ್ಮ, ನಿಮ್ಮನೇಲಿ ಮರೆವು ಜಾಸ್ತಿ.' ಸುತ್ತ ಇದ್ದೋರೆಲ್ಲ ನಕ್ಕರು. ಶನಿವಾರ ಇದೇ ಜನ ನನ್ನ ತಬ್ಕೊಂಡು ಅತ್ತಿದ್ರು."

"ನಿಮ್ಮ ಗಂಡ ಮರೆಯೋರಲ್ಲ ಅಂತೀರಾ?"

"ಮರೀತಿದ್ರು. ತರಕಾರಿ ಮರೀತಿದ್ರು, ನಾನು ಹುಟ್ಟಿದ ದಿನ ಮರೀತಿದ್ರು, ಒಂದ್ಸಲ ನನ್ನನ್ನೇ ಬಸ್ ಸ್ಟ್ಯಾಂಡಲ್ಲಿ ಮರೆತು ಬಂದಿದ್ರು. ಆ ಲಿವರ್ ಮರೀತಿರಲಿಲ್ಲ. ಮನೇಲಿ ಕಕ್ಕಸಿಗೆ ಹೋದಾಗಲೂ ಎದ್ದ ಕೂಡಲೇ ಕೈ ಬಲಗಡೆ ಗೋಡೆಗೆ ಹೋಗ್ತಿತ್ತು, ಇಲ್ಲದ ಲಿವರ್ ತಿರುಗಿಸೋಕೆ. ಗೋಡೆ ಮೇಲೆ ಆ ಜಾಗ ಕಪ್ಪಾಗಿದೆ. ಬಂದು ನೋಡಿ ಬೇಕಾದ್ರೆ."

ಹೇಳುವಾಗ ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗಿತ್ತು.

"ಎಫ್‌ಐಆರ್ ಬರೀರಿ," ಅಂದರು ಇನ್ಸ್‌ಪೆಕ್ಟರ್. "ನಿರ್ಲಕ್ಷ್ಯದಿಂದ ಸಾವು. ಆರೋಪಿ ಅಪರಿಚಿತ."

ಆಕೆ ಓದಿ, ಒಂದು ಕಡೆ 'ಪತಿ' ಎಂದಿದ್ದಲ್ಲಿ ಬೆರಳಿಟ್ಟು ಒಂದು ಕ್ಷಣ ನಿಂತು, ಸಹಿ ಹಾಕಿ ಹೊರಟಳು. ದಫೇದಾರ್ ಗಂಟಲು ಸರಿಮಾಡಿಕೊಂಡ.

"ಮೇಡಂ, ಇದನ್ನ ಬೇಗ ಮುಗಿಸಿ ಅಂತ ಮೇಲಿನಿಂದ ಫೋನ್ ಬಂದಿತ್ತು."

"ಮುಗಿಸೋಣ. ಇನ್ನೂ ಶುರುನೇ ಆಗಿಲ್ಲವಲ್ಲ. ಜೀಪ್ ತೆಗೀರಿ."

* * *

ಮೇಲೆತ್ತಿದ ದೋಣಿಯನ್ನು ದಡದ ದುರಸ್ತಿ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಅದರ ಬಿಳಿ ಹೊಟ್ಟೆಯಿಂದ ಇನ್ನೂ ಹನಿ ಬೀಳುತ್ತಿತ್ತು. ಮಾಲೀಕ ಬಂದ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಆದರೆ ಉಗುರುಗಳ ಸಂದಿನಲ್ಲಿ ಹಳೆಯ ಗ್ರೀಸಿನ ಕರೆ. ದೋಣಿ ಕೊಳ್ಳುವ ಮೊದಲು ದೋಣಿ ರಿಪೇರಿ ಮಾಡುತ್ತಿದ್ದವನು.

ಪಂಚರಾಗಿ ಅಂಗಳದ ಕಾವಲುಗಾರನನ್ನೂ ಒಬ್ಬ ಬಡಗಿಯನ್ನೂ ಕರೆದು ಇನ್ಸ್‌ಪೆಕ್ಟರ್ ಒಳಗಿಳಿದರು. ಮೂರು ಮೆಟ್ಟಿಲು, ಇಕ್ಕಟ್ಟಾದ ಬಾಗಿಲು. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಠಾಣೆಯ ಕಾನ್‌ಸ್ಟೇಬಲ್, ಎತ್ತರಕ್ಕೆ 'ಏಣಿ' ಎಂದೇ ಹೆಸರಾದವನು, ಮೆಟ್ಟಿಲ ಮೇಲೆ ಬಗ್ಗಿ ಕೂತು ಟಾರ್ಚ್ ಹಿಡಿದ.

"ನೀಲಿ ಲಿವರ್ ಯಾವುದು?"

"ಬಲಗಡೆ, ಮೇಡಂ," ಹೊರಗಿನಿಂದ ಮಾಲೀಕ ಹೇಳಿದ. "ಅದೇ ಸಮುದ್ರದ ನೀರು ಒಳಗೆ ತರೋದು."

"ಇದು ಮುಚ್ಚಿದೆ."

"ಕೊನೆಗೆ ಮುಚ್ಚಿದಾನೆ. ಅಷ್ಟೊತ್ತಿಗೆ ಕಾಲ ಮೀರಿತ್ತು, ಪಾಪ."

"ಈ ಪೈಪು?"

ಕಕ್ಕಸಿನ ಹಿಂಬದಿಯಲ್ಲಿ ಮೋಟಾರಿನಿಂದ ಹೊರಹೋಗುವ ದಪ್ಪ ರಬ್ಬರ್ ಪೈಪು ಕಳಚಿ ನೇತಾಡುತ್ತಿತ್ತು.

"ಕ್ರೇನಿನಲ್ಲಿ ಎತ್ತುವಾಗ ಕಿತ್ತಿರುತ್ತೆ."

ಇನ್ಸ್‌ಪೆಕ್ಟರ್ ಪೈಪಿನ ತುದಿಯನ್ನು ಬೆರಳಿನಿಂದ ಸುತ್ತ ಮುಟ್ಟಿ ನೋಡಿದರು. ಹರಿದಿರಲಿಲ್ಲ, ಸೀಳಿರಲಿಲ್ಲ. ಅದನ್ನು ಬಿಗಿಹಿಡಿಯುವ ತಿರುಪಿನ ಉಕ್ಕಿನ ಪಟ್ಟಿ ಅಲ್ಲಿರಲಿಲ್ಲ. ನೆಲದ ಮೇಲಿಲ್ಲ, ಮೂಲೆಯಲ್ಲಿಲ್ಲ. ಬಹಳ ಹುಡುಕಿದ ಮೇಲೆ ಏಣಿಯೇ ಅದನ್ನು ಕಂಡ. ಟವಲ್ ನೇತುಹಾಕುವ ಗೂಟಕ್ಕೆ ಪಟ್ಟಿಯನ್ನು ನೇತುಹಾಕಲಾಗಿತ್ತು. ತಿರುಪನ್ನು ಬಿಚ್ಚಿದವರು ಅದು ಉದುರಿಹೋಗದಿರಲೆಂದು ಬರಿಯ ಪಟ್ಟಿಯಲ್ಲೇ ಮತ್ತೆ ಕೊನೆಯವರೆಗೆ ಬಿಗಿದಿದ್ದರು.

ಇನ್ಸ್‌ಪೆಕ್ಟರ್ ಅದನ್ನು ಹೊರತಂದು ಮಾಲೀಕನ ಮುಂದೆ ಹಿಡಿದರು.

"ಕ್ರೇನು ತಿರುಪು ಬಿಚ್ಚಿ ಗೂಟಕ್ಕೆ ಹಾಕುತ್ತಾ?"

ಮಾಲೀಕ ಕನ್ನಡಕ ತೆಗೆದ.

"ನೀವು ರಿಪೇರಿ ಮಾಡ್ತಿದ್ದೋರು. ನೀವಾದ್ರೆ ಪಟ್ಟಿ ಎಲ್ಲಿಡ್ತಿದ್ರಿ?"

"ಸಡಿಲ ಮಾಡಿ ಪೈಪಿನ ಮೇಲೇ ಹಿಂದಕ್ಕೆ ಜಾರಿಸ್ತೀವಿ. ದೋಣೀಲಿ ಯಾರೂ ಪಟ್ಟಿ ಪೂರ್ತಿ ಬಿಚ್ಚಲ್ಲ ಮೇಡಂ. ಅಲುಗಾಟಕ್ಕೆ ಕೈ ಜಾರಿದ್ರೆ ಹಲಗೆ ಸಂದೀಲಿ ಹೋಯ್ತು, ಮತ್ತೆ ಸಿಗಲ್ಲ."

"ನಿಮ್ಮ ಚಾಲಕ?"

"ಅವನಿಗೆ ಕಲಿಸಿದ್ದೇ ನಾನು."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂಬುದು ಅರಿವಾಯಿತು. ದಫೇದಾರ್ ಪಂಚನಾಮೆಯಲ್ಲಿ ಆ ಮಾತನ್ನು ಆಗಲೇ ಬರೆದುಕೊಂಡಿದ್ದ.

* * *

"ಇದೇ ಥರದ ಇನ್ನೊಂದು ದೋಣಿ ಇದೆಯಾ?"

"ಜೆಟ್ಟೀಲಿದೆ. ಆದ್ರೆ ಮೇಡಂ, ಕಕ್ಕಸಿನ ವಿಷಯ, ನೀವ್ಯಾಕೆ…"

"ನಡೀರಿ."

ಜೆಟ್ಟಿಗೆ ಕಟ್ಟಿದ್ದ ಆ ದೋಣಿಯಲ್ಲಿ ಮಾಲೀಕ ಬಾಯಿಪಾಠ ಒಪ್ಪಿಸಿದ. ಪ್ರತಿ ಗುಂಪಿಗೂ ಚಾಲಕರು ಹೇಳುವ ಪಾಠ. ಮೊದಲು ನೀಲಿ ಲಿವರ್ ತೆರೆಯಬೇಕು. ಬಿಳಿ ಗುಂಡಿ ಒತ್ತಿದರೆ ನೀರು ಬರುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ಗುಂಡಿ. ಮೋಟಾರು ಎಲ್ಲವನ್ನೂ ಅರೆದು ಹೊರಕ್ಕೆ ತಳ್ಳುತ್ತದೆ. ಸದ್ದು ಹಗುರಾಗುವವರೆಗೆ ಬೆರಳು ತೆಗೆಯಬಾರದು. ಕೊನೆಗೆ ಲಿವರ್ ಮುಚ್ಚಬೇಕು.

"ನಿಮ್ಮ ಚಾಲಕ ಇನ್ನೇನಾದರೂ ಹೇಳ್ತಿದ್ನಾ?"

"ಅವನದೇ ಒಂದು ಮಾತಿತ್ತು. 'ಹೊಟ್ಟೆಯಿಂದ ಬಂದದ್ದು ಮಾತ್ರ ಹಾಕಿ, ಜೇಬಿನಿಂದ ಬಂದದ್ದು ಬೇಡ' ಅಂತಿದ್ದ. ಜನ ನಗ್ತಿದ್ರು. ನಕ್ಕರೆ ನೆನಪಿರುತ್ತೆ ಅಂತಿದ್ದ."

"ಏಣಿ, ಒತ್ತು."

ಏಣಿ ಕೆಂಪು ಗುಂಡಿ ಒತ್ತಿದವನೇ ಬೆಚ್ಚಿ ತಲೆಯನ್ನು ಛಾವಣಿಗೆ ಬಡಿಸಿಕೊಂಡ. "ಅಮ್ಮಾ! ಮಿಕ್ಸಿ ಇದ್ದ ಹಾಗಿದೆ ಮೇಡಂ. ಇದರ ಮೇಲೆ ಯಾರು ಧೈರ್ಯವಾಗಿ ಕೂತ್ಕೋತಾರೆ?"

"ನೀನೇನೂ ಕೂರಬೇಡ," ಅಂದ ದಫೇದಾರ್. "ನಿನ್ನ ಮಂಡಿ ಬಾಗಿಲಾಚೆ ಬರುತ್ತೆ."

ಇನ್ಸ್‌ಪೆಕ್ಟರ್ ಪೈಪಿನ ಜಾಡು ಹಿಡಿದು ನೋಡುತ್ತಿದ್ದರು. ಮೋಟಾರಿನಿಂದ ಹೊರಟ ಪೈಪು ಬಿಲ್ಲಿನಂತೆ ಛಾವಣಿಯವರೆಗೆ ಏರಿ, ಮತ್ತೆ ಇಳಿದು, ಮೆಟ್ಟಿಲ ಕೆಳಗಿನ ಹಲಗೆಯಡಿ ಹೋಗಿ ದೋಣಿಯ ಹೊಟ್ಟೆಯಿಂದ ಸಮುದ್ರ ಸೇರುತ್ತಿತ್ತು. ಆ ಹಲಗೆಯಡಿ ಇನ್ನೊಂದು ಲಿವರ್ ಇತ್ತು. ದೋಣಿ ನೀರಿನಲ್ಲಿರುವಷ್ಟು ಹೊತ್ತೂ ಅದು ತೆರೆದೇ ಇರುತ್ತದೆ, ಅದರ ತಂಟೆಗೆ ಪ್ರಯಾಣಿಕರು ಹೋಗುವುದಿಲ್ಲ ಎಂದ ಮಾಲೀಕ.

"ನೀಲಿ ಲಿವರ್ ಮುಚ್ಚಿ. ಈಗ ಈ ಪೈಪು ಕಳಚಿ."

"ಮೇಡಂ! ಇದೂ ಮುಳುಗಿದ್ರೆ?"

"ಮುಳುಗೋದು ಹೇಗೆ ಅಂತಲೇ ನೋಡಬೇಕು."

ಮಾಲೀಕ ಕಳಚಿದ. ಪೈಪಿನಿಂದ ಕೊಳಕು ನೀರು ಬಕೆಟ್ಟಿಗೆ ಸುರಿಯಿತು. ಮೇಲೆ ಎಲ್ಲೋ ಉಸ್ಸೆಂದು ಗಾಳಿ ಎಳೆದ ಸದ್ದಾಯಿತು. ನೀರು ಹನಿಯಾಗಿ ನಿಂತಿತು.

"ನೋಡಿ, ನಿಂತಿತು," ಅಂದ ಮಾಲೀಕ.

"ಯಾಕೆ ನಿಂತಿತು? ಆ ಸದ್ದು ಏನು?"

ಅವನು ಮೇಲಕ್ಕೆ ಕೈ ತೋರಿಸಿದ. ಪೈಪಿನ ಬಿಲ್ಲಿನ ನೆತ್ತಿಯಲ್ಲಿ ಸಣ್ಣ ಗಾಳಿಕಿಂಡಿಯೊಂದು ಇತ್ತು; ಅದರಿಂದ ಗಾಳಿ ಒಳಗೆ ಬಂದರೆ ನೀರಿನ ಎಳೆತ ಕಡಿಯುತ್ತದೆ. ಇನ್ಸ್‌ಪೆಕ್ಟರ್ ಇನ್ನೊಮ್ಮೆ ಪೈಪು ಕೂಡಿಸಿ, ಮೋಟಾರು ಓಡಿಸಿ, ಮತ್ತೆ ಕಳಚಲು ಹೇಳಿದರು. ಈ ಸಲ ಏಣಿ ಕೈಚಾಚಿ ಗಾಳಿಕಿಂಡಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಕೊಳಕು ನೀರು ಬಂತು. ಆಮೇಲೆ ತಿಳಿನೀರು ಬಂತು. ನಿಲ್ಲಲಿಲ್ಲ. ಬಕೆಟ್ಟು ತುಂಬಿ, ಅಂಚು ದಾಟಿ, ಹಲಗೆಗಳ ಸಂದಿನಲ್ಲಿ ಸದ್ದಿಲ್ಲದೆ ಇಳಿಯತೊಡಗಿತು. ಕೆಳಗೆ ಹೋದ ನೀರು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

"ಬೈಕಿನಿಂದ ಪೆಟ್ರೋಲ್ ತೆಗೆದ ಹಾಗೆ," ಅಂದ ದಫೇದಾರ್. "ಟ್ಯೂಬಲ್ಲಿ ಒಂದ್ಸಲ ಎಳೆದುಬಿಟ್ರೆ ಮುಗೀತು. ಆಮೇಲೆ ತಾನಾಗೇ ಬರ್ತಾ ಇರುತ್ತೆ."

"ಬೈಕಲ್ಲಿ ಟ್ಯಾಂಕ್ ಖಾಲಿಯಾಗುತ್ತೆ," ಅಂದರು ಇನ್ಸ್‌ಪೆಕ್ಟರ್. "ಇಲ್ಲಿ ಆಚೆ ತುದೀಲಿ ಸಮುದ್ರ ಇದೆ."

ಅಂಗಳಕ್ಕೆ ಮರಳಿ ಮುಳುಗಿದ್ದ ದೋಣಿಯ ಗಾಳಿಕಿಂಡಿಯನ್ನು ಬಿಚ್ಚಿ ನೋಡಿದಾಗ ಅದು ಉಪ್ಪು ಕಟ್ಟಿ ಕಲ್ಲಾಗಿತ್ತು. ವರ್ಷಕ್ಕೊಮ್ಮೆ ತೊಳೆಸಬೇಕಾದ್ದು ಮಾಲೀಕನ ಹೊಣೆ. ಅವನು ಬೇರೆ ಕಡೆ ನೋಡಿದ. ದಫೇದಾರ್ ಅದನ್ನೂ ಬರೆದುಕೊಂಡ.

ಮೋಟಾರಿನ ಹೊಟ್ಟೆಯನ್ನು ಪಂಚರ ಮುಂದೆಯೇ ಬಿಚ್ಚಲಾಯಿತು. ಅಲಗುಗಳ ಸುತ್ತ ಒದ್ದೆ ಹತ್ತಿಯ ಮುದ್ದೆ ಸುತ್ತಿಕೊಂಡಿತ್ತು. ಬಿಡಿಸಿದಾಗ ತೆಳು ಪ್ಲಾಸ್ಟಿಕ್, ಅಂಟಿನ ಪಟ್ಟಿ, ಸೊಂಟದ ಎಲಾಸ್ಟಿಕ್.

"ಡೈಪರ್," ಅಂದ ಏಣಿ. "ಗುಂಪಲ್ಲಿ ಕೂಸು ಇತ್ತಾ?"

"ಇರಲಿಲ್ಲ."

ದಫೇದಾರ್ ಎಲಾಸ್ಟಿಕ್ಕನ್ನು ಇಕ್ಕಳದಲ್ಲಿ ಹಿಡಿದು ಎಳೆದು ನೋಡಿದ. ಅದು ಚಾಚುತ್ತಲೇ ಹೋಯಿತು. ಅವನ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು.

"ಇದು ಕೂಸಿಂದಲ್ಲ, ಮೇಡಂ. ವಯಸ್ಸಾದವರದು."

* * *

ಮರುದಿನ ಎರಡೂ ಮನೆಯವರ ಹೇಳಿಕೆಗಳನ್ನು ಹೊಸದಾಗಿ ಪಡೆಯಲಾಯಿತು. ಗುರುವಾರ ಸಂಜೆ ಎಲ್ಲರೂ ಗಾಬರಿಯಲ್ಲಿದ್ದರು, ಪೊಲೀಸರೂ ಅವಸರದಲ್ಲಿದ್ದರು. ಈ ಸಲ ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡರು.

ಹುಡುಗ ಕೆಳಗೆ ಇಳಿದಿರಲಿಲ್ಲ. ಹುಡುಗಿ ಹೊರಟ ಕೂಡಲೇ ಒಮ್ಮೆ ಹೋಗಿದ್ದಳು, ಆಗ ಎಲ್ಲ ಸರಿಯಿತ್ತು. ಹುಡುಗನ ತಂದೆ ಊಟಕ್ಕೆ ಮೊದಲು ಹೋಗಬೇಕೆಂದಿದ್ದರು, ಒಳಗೆ ಯಾರೋ ಇದ್ದರು, ಬಾಗಿಲು ತಟ್ಟಿ ಬಂದೆ ಎಂದರು. ಯಾರಿದ್ದರು? ನೆನಪಿಲ್ಲ. ಈ ಪ್ರಶ್ನೆಗೆ ಬಂದಾಗ ಎಲ್ಲರೂ ಮಾತು ನುಂಗುತ್ತಿದ್ದರು. ಯಾರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಲಿಲ್ಲ. ಬೀಗರು ಕಕ್ಕಸಿಗೆ ಹೋದ ಲೆಕ್ಕವನ್ನು ಯಾರು ಇಡುತ್ತಾರೆ?

ಉಳಿದವರು ಹುಡುಗಿಯ ತಂದೆ ಮತ್ತು ಹುಡುಗನ ಅಜ್ಜಿ. ಮೊದಲು ಅಜ್ಜಿಯನ್ನು ಕೂರಿಸಿಕೊಂಡರು. ಇನ್ಸ್‌ಪೆಕ್ಟರ್ ಪ್ರಶ್ನೆಯನ್ನು ಹೇಗೆ ಕೇಳುವುದೆಂದು ಯೋಚಿಸುತ್ತಿರುವಾಗಲೇ ಅಜ್ಜಿ ಕೇಳಿದರು.

"ನಾನು ಕೆಳಗೆ ಹೋಗಿದ್ನಾ ಅಂತ ತಾನೇ? ಇಲ್ಲ ಮಗಳೇ. ಆ ಮೆಟ್ಟಿಲು ನೋಡಿ ನನ್ನ ಮಂಡಿ ಒಪ್ಪಲಿಲ್ಲ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿಯದೆ ಕೂತಿದ್ದೆ. ಮುಳುಗುವಾಗ ಅನ್ನಿಸ್ತು, ಇಷ್ಟು ಹೊತ್ತು ಬಾಯಾರಿ ಕೂತಿದ್ದು ಈ ನೀರು ಕುಡಿಯೋಕಾ ಅಂತ."

ಇನ್ಸ್‌ಪೆಕ್ಟರ್ ನಕ್ಕರು. ಅಜ್ಜಿ ನಗಲಿಲ್ಲ.

"ಆ ಹುಡುಗ ಕೇಳಿದ, ಗೊತ್ತಾ ನಿನಗೆ?"

"ಯಾವ ಹುಡುಗ?"

"ಸತ್ತ ಹುಡುಗ. ಎಲ್ಲರನ್ನೂ ದಾಟಿಸುವಾಗ ಕೇಳಿದ. 'ಕೆಳಗೆ ಯಾರು ಹೋಗಿದ್ರಿ? ಏನಾದ್ರೂ ಆಯ್ತಾ? ಹೇಳಿ, ನಾನೇನೂ ಅನ್ನಲ್ಲ' ಅಂದ. ಯಾರೂ ಉಸಿರೆತ್ತಲಿಲ್ಲ. ಇನ್ನೊಂದ್ಸಲ ಕೇಳಿದ. ಆಗಲೂ ಇಲ್ಲ."

"ಇದನ್ನ ಮೊದಲೇ ಯಾರೂ ಹೇಳಲಿಲ್ಲವಲ್ಲ ಅಜ್ಜಿ?"

"ನನ್ನ ಯಾರು ಕೇಳಿದ್ರು? ಮುದುಕಿಗೆ ಕಂಬಳಿ ಹೊದಿಸಿ ಮನೆಗೆ ಕಳಿಸಿದ್ರು."

"ಕೊನೇಲಿ ಕೆಳಗಿಂದ ಬಂದೋರು ಯಾರು?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಸಂಬಂಧ ಆಗೋ ಮನೆ. ನಾನು ಹೇಳಿದ್ರೆ ನನ್ನ ಮೊಮ್ಮಗನ ಮದುವೆ ನಿಲ್ಲುತ್ತೆ."

"ಹೇಳದಿದ್ರೆ ಒಬ್ಬಳ ಗಂಡ ಮರೆಗುಳಿಯಾಗಿ ಸತ್ತ ಅಂತ ಆಗುತ್ತೆ."

ಇನ್ಸ್‌ಪೆಕ್ಟರ್ ಒತ್ತಾಯಿಸಲಿಲ್ಲ, ಏಳಲೂ ಇಲ್ಲ.

"ಬೀಗರು ಅಂಗಿ ತೋಳಿನ ಗುಂಡಿ ಬಿಚ್ಚೋರಲ್ಲ. ಆ ಸೆಕೆಯಲ್ಲೂ ಹಾಕ್ಕೊಂಡೇ ಇದ್ರು. ಊಟಕ್ಕೆ ಮೊದಲು ಕೆಳಗಿಂದ ಬಂದಾಗ ಎರಡೂ ತೋಳು ಮೊಣಕೈವರೆಗೆ ಮಡಚಿದ್ರು, ಒದ್ದೆಯಾಗಿತ್ತು. ನನ್ನ ಪಕ್ಕ ಕೂತು ಅನ್ನ ಕಲಸಿದ್ರು. ತಿನ್ನಲಿಲ್ಲ."

* * *

ಹುಡುಗಿಯ ತಂದೆ ನೀರು ಸರಬರಾಜು ಇಲಾಖೆಯ ನಿವೃತ್ತ ಎಂಜಿನಿಯರ್. ಬೀದಿಯಲ್ಲಿ ಅವರಿಗೆ 'ಪೈಪ್ ಸಾಹೇಬರು' ಎಂದು ಹೆಸರು. ಯಾರ ಮನೆಯಲ್ಲಿ ನಲ್ಲಿ ಸೋರಿದರೂ ಕರೆಯುವ ಮೊದಲೇ ಹೋಗಿ ಸರಿಮಾಡಿ ಬರುತ್ತಿದ್ದರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ.

ಮಂಗಳವಾರ ಮಧ್ಯಾಹ್ನ ಅವರ ಮನೆಗೆ ಹೋದಾಗ ಇನ್ಸ್‌ಪೆಕ್ಟರ್ ನೇರ ಹಜಾರಕ್ಕೆ ಹೋಗಲಿಲ್ಲ. ಮನೆ ಬಳಸಿ ಹಿತ್ತಿಲಿಗೆ ಹೋದರು. ನೀರಿನ ತೊಟ್ಟಿಯ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ಮೊಳೆಗಳು, ಮೊಳೆಗಳಿಗೆ ಉಕ್ಕಿನ ಪಟ್ಟಿಗಳು. ಸಣ್ಣದು, ದೊಡ್ಡದು, ತುಕ್ಕು ಹಿಡಿದದ್ದು, ಹೊಳೆಯುವುದು. ಒಂದರ ತಿರುಪೂ ಸಡಿಲವಿರಲಿಲ್ಲ. ಎಲ್ಲವನ್ನೂ ಬರಿಯಾಗಿಯೇ ಕೊನೆಯವರೆಗೆ ಬಿಗಿದು ನೇತುಹಾಕಿತ್ತು.

ದಫೇದಾರ್ ಫೋಟೋ ತೆಗೆದ.

ಹಜಾರದಲ್ಲಿ ಪೈಪ್ ಸಾಹೇಬರು ನೆಟ್ಟಗೆ ಕೂತಿದ್ದರು, ತೋಳಿನ ಗುಂಡಿಗಳನ್ನು ಹಾಕಿಕೊಂಡು. ಮಗಳು ಟೀ ತಂದಳು.

"ಅಮ್ಮಾ, ನೀವು ಸ್ವಲ್ಪ ಹೊತ್ತು ಪಕ್ಕದ ಮನೇಲಿ ಕೂತಿರ್ತೀರಾ?" ಅಂದರು ಇನ್ಸ್‌ಪೆಕ್ಟರ್.

"ಯಾಕೆ? ಅಪ್ಪನಿಗೆ ಬಿಪಿ ಇದೆ. ನಾನು ಇಲ್ಲೇ ಇರ್ತೀನಿ."

"ಹೋಗಮ್ಮ," ಅಂದರು ತಂದೆ. ಆ ದನಿ ಕೇಳಿ ಅವಳು ಹೋದಳು. ಇನ್ಸ್‌ಪೆಕ್ಟರ್ ಬಾಗಿಲು ಮುಚ್ಚಿದರು. ಜಪ್ತಿ ಮಾಡಿದ ಎರಡು ಚೀಲಗಳನ್ನು ಮೇಜಿನ ಮೇಲಿಟ್ಟರು. ಪಟ್ಟಿ ಇದ್ದ ಚೀಲ ಹಾಗೇ ಇತ್ತು. ಇನ್ನೊಂದರ ಮೇಲೆ ಪೇಪರ್ ಮುಚ್ಚಿದ್ದರು.

"ಈ ಪಟ್ಟಿ ಯಾರು ಬಿಚ್ಚಿದ್ದು, ಸರ್?"

ಅವರು ಪಟ್ಟಿಯನ್ನು ನೋಡಲಿಲ್ಲ. ಪೇಪರಿನ ಕಡೆ ನೋಡುತ್ತಿದ್ದರು.

"ಅದರ ಕೆಳಗೆ ಏನಿದೆ ಅಂತ ನಿಮಗೆ ಗೊತ್ತು. ನಾನು ತೆಗೆಯೋದಿಲ್ಲ. ಹೇಳಿ."

"ಮಗಳಿಗೆ ಗೊತ್ತಿಲ್ಲ," ಅಂದರು ಅವರು. "ಆಪರೇಷನ್ ಆದ ಮೇಲೆ ಶುರುವಾಯ್ತು. ಹಿಡಿದುಕೊಳ್ಳೋಕೆ ಆಗಲ್ಲ. ಬೆಳಿಗ್ಗೆ ವಾಕಿಂಗ್ ಅಂತ ಹೋಗಿ ದೂರದ ತೊಟ್ಟೀಲಿ ಹಾಕಿ ಬರ್ತೀನಿ."

"ಗುರುವಾರ?"

"ಅಲ್ಲಿ ತೊಟ್ಟಿ ಇರಲಿಲ್ಲ. ಸಣ್ಣ ಕೋಣೆ. ಬೇರೆ ಹಾಕ್ಕೊಂಡೆ. ಹಳೇದನ್ನ ಕೈಲಿ ಹಿಡಿದು ಮೇಲೆ ಹೇಗೆ ಬರಲಿ? ಎಲ್ಲ ಅರೆಯುತ್ತೆ ಅಂದಿದ್ನಲ್ಲ, ಇದೂ ಅರೆಯಬಹುದು ಅಂದ್ಕೊಂಡೆ. ಮೋಟಾರು ಕಟ್ಕೊಂಡು ನಿಂತುಬಿಟ್ಟಿತು. ನೀರು ಅಂಚಿಗೆ ಬಂತು. ಹೊರಗೆ ಬೀಗರು ಬಾಗಿಲು ತಟ್ಟಿದ್ರು. 'ಯಾರದು ಒಳಗೆ, ನಿದ್ದೆ ಮಾಡಿಬಿಟ್ರಾ' ಅಂತ ನಕ್ಕರು."

"ಆಮೇಲೆ?"

"ನೀಲಿ ಲಿವರ್ ಮುಚ್ಚಿದೆ. ಅವನು ಹೇಳಿದ ಹಾಗೇ ಮುಚ್ಚಿದೆ, ಮೇಡಂ. ನಾಣ್ಯದಲ್ಲಿ ತಿರುಪು ಬಿಚ್ಚಿ ಪೈಪು ಕಳಚಿದೆ, ಒಳಗಿಂದ ಅದನ್ನ ಎಳೆದುಕೊಳ್ಳೋಣ ಅಂತ. ಬರಲಿಲ್ಲ. ಪೈಪಿನಿಂದ ನೀರು ಬರ್ತಿತ್ತು. ಉಳಿದದ್ದು ಇಳೀತಿದೆ, ನಿಲ್ಲುತ್ತೆ ಅಂತ ಬಕೆಟ್ ಇಟ್ಟೆ. ನನ್ನ ಜೀವಮಾನದಲ್ಲಿ ಹೊರಹೋಗೋ ಪೈಪು ಒಳಗೆ ನೀರು ತಂದಿದ್ದು ನಾನು ನೋಡಿಲ್ಲ."

ಅವರು ಮೊದಲ ಬಾರಿಗೆ ಮುಖವೆತ್ತಿದರು. ಎಂಜಿನಿಯರೊಬ್ಬರಿಗೆ ಇನ್ನೂ ಅರ್ಥವಾಗದ ಲೆಕ್ಕವೊಂದು ಆ ಕಣ್ಣಲ್ಲಿತ್ತು. ಇನ್ಸ್‌ಪೆಕ್ಟರ್ ಅದನ್ನು ಬಿಡಿಸಿ ಹೇಳಿದರು: ತುಂಬಿದ ಪೈಪು, ಕಟ್ಟಿಕೊಂಡ ಗಾಳಿಕಿಂಡಿ, ಆಚೆ ತುದಿಯ ಸಮುದ್ರ.

"ಅಂದ್ರೆ ಗಾಳಿಕಿಂಡಿ ಸರಿ ಇದ್ದಿದ್ರೆ…"

"ಮಾಲೀಕನ ಮೇಲೂ ಕೇಸಿದೆ. ಆದ್ರೆ ನಾನು ಕೇಳ್ತಿರೋದು ಪೈಪಿನ ಬಗ್ಗೆ ಅಲ್ಲ. ಪೈಪು ಕಳಚಿದ್ದು ತಪ್ಪು ತಿಳುವಳಿಕೆ. ದೋಣಿ ವಾಲಿದಾಗ ಅವನು ಕೇಳಿದನಲ್ಲ, ಕೆಳಗೆ ಯಾರು ಹೋಗಿದ್ರಿ ಅಂತ. ನಿಮಗೆ ಕೇಳಿಸಿತಾ?"

ಟೀಯ ಮೇಲೆ ಕೆನೆ ಕಟ್ಟಿತ್ತು.

"ಕೇಳಿಸಿತು."

"ಎಷ್ಟು ದೂರದಲ್ಲಿದ್ರಿ?"

"ನನ್ನ ಕೈ ಹಿಡಿದು ದಾಟಿಸ್ತಾ ಇದ್ದ. ಎರಡನೇ ಸಲ ನನ್ನ ಮುಖ ನೋಡಿಯೇ ಕೇಳಿದ. ಬೀಗರು ಪಕ್ಕದಲ್ಲಿದ್ರು, ಮಗಳಿದ್ಲು. ನನಗೆ ಬಾಯಿ ಬರಲಿಲ್ಲ. ಅವನಿಗೆ ಏನೋ ಹೊಳೀತು ಅನ್ಸುತ್ತೆ. 'ಇರಲಿ ಬಿಡಿ ಸರ್, ನಾನು ನೋಡ್ಕೋತೀನಿ' ಅಂದ. ಇಳಿದು ಹೋದ."

"ಪೈಪು ಕಳಚಿದೆ ಅಂತ ಒಂದು ಮಾತು ಹೇಳಿದ್ರೆ, ಅವನು ಕಕ್ಕಸಿನೊಳಗೆ ಹೋಗ್ತಿರಲಿಲ್ಲ. ಮೆಟ್ಟಿಲ ಕೆಳಗೇ ಇನ್ನೊಂದು ಲಿವರ್ ಇದೆ. ಅದನ್ನ ಮುಚ್ಚಿ ಮೇಲೆ ಬರ್ತಿದ್ದ. ಜನ ಮರೆಯೋದು ನೀಲಿ ಲಿವರ್ ಅಲ್ವಾ? ಅದಕ್ಕೇ ಒಳಗೆ ಹೋದ. ನೀವು ಆಗಲೇ ಮುಚ್ಚಿದ್ದ ಲಿವರನ್ನ ಮುಚ್ಚೋಕೆ."

ಮೊಣಕಾಲ ಮೇಲಿದ್ದ ಅವರ ಕೈಗಳು ಒಂದನ್ನೊಂದು ಹಿಡಿದುಕೊಂಡವು.

"ಸಂಜೆ ನಮಗೆ ಹೇಳಿಕೆ ಕೊಟ್ರಿ. ಕೊನೇಲಿ ಹೋದದ್ದು ಚಾಲಕನೇ ಅಂದ್ರಿ."

"ಅವನು ಸತ್ತಿದ್ದ. ಸತ್ತೋನಿಗೆ ಇನ್ನೇನು ಅವಮಾನ ಅಂದ್ಕೊಂಡೆ."

"ಅವನಿಗೆ ಹೆಂಡತಿ ಇದ್ದಾಳೆ," ಅಂದರು ಇನ್ಸ್‌ಪೆಕ್ಟರ್. ಎದ್ದು ನಿಂತರು. "ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದದ್ದು, ಸುಳ್ಳು ಹೇಳಿಕೆ ಕೊಟ್ಟದ್ದು. ನಿಮ್ಮನ್ನ ಬಂಧಿಸ್ತಾ ಇದ್ದೀನಿ. ಹೊರಡಿ."

"ಮಗಳಿಗೆ ಏನಂತ ಹೇಳ್ತೀರಿ?"

"ಪೈಪು ಕಳಚಿದ್ದು ನೀವು, ಸುಮ್ಮನಿದ್ದದ್ದು ನೀವು ಅಂತ. ಯಾಕೆ ಅನ್ನೋದನ್ನ ನೀವೇ ಹೇಳಿ. ಕೋರ್ಟಿಗಿಂತ ಮೊದಲು ನಿಮ್ಮ ಬಾಯಿಂದ ಕೇಳಲಿ." ಬಾಗಿಲಿಗೆ ಹೋಗಿ ಇನ್ಸ್‌ಪೆಕ್ಟರ್ ತಿರುಗಿದರು. "ನಿಮಗೆ ಬೇಕಾದ್ದನ್ನ ಚೀಲಕ್ಕೆ ಹಾಕ್ಕೊಳ್ಳಿ. ಠಾಣೆಯಲ್ಲಿ ಸಿಗಲ್ಲ. ದಫೇದಾರ್ ಇಟ್ಕೋತಾರೆ, ಯಾರೂ ನೋಡಲ್ಲ."

ಅದನ್ನು ಕೇಳಿದ ಮೇಲೆ ಪೈಪ್ ಸಾಹೇಬರು ಅತ್ತರು. ಬಂಧನ ಎಂದಾಗ ಅತ್ತಿರಲಿಲ್ಲ.

ಬಂಧನ ಪತ್ರದಲ್ಲಿ ಕಾರಣ ಬರೆಯುವ ಜಾಗ ಚಿಕ್ಕದು. ಇನ್ಸ್‌ಪೆಕ್ಟರ್ ಅಲ್ಲಿ ಕಾನೂನಿಗೆ ಬೇಕಾದಷ್ಟನ್ನೇ ಬರೆದರು. ದುರಾಸೆ ಇರಲಿಲ್ಲ, ದ್ವೇಷ ಇರಲಿಲ್ಲ. ಒಬ್ಬ ಮನುಷ್ಯನಿಗೆ ತನ್ನ ದೇಹ ಕೈಬಿಟ್ಟದ್ದನ್ನು ಬೀಗರ ಮುಂದೆ ಒಪ್ಪಿಕೊಳ್ಳಲು ಆಗಲಿಲ್ಲ. ಅದಕ್ಕೆ ಯಾವ ಕಲಮೂ ಇಲ್ಲ.

* * *

ಬುಧವಾರ ಬೆಳಿಗ್ಗೆ ಚಾಲಕನ ಹೆಂಡತಿಯನ್ನು ಠಾಣೆಗೆ ಕರೆಸಿ ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು. ಮುಗಿದ ಮೇಲೆ ಆಕೆ ಒಂದೇ ಕೇಳಿದಳು.

"ನಮ್ಮನೆಯವರು ಕೇಳಿದ್ದು ಅವರಿಗೆ ಕೇಳಿಸಿತ್ತಾ?"

"ಕೇಳಿಸಿತ್ತು."

ಆಕೆ ತಲೆಯಾಡಿಸಿದಳು. ನಲ್ಲಿಯ ಹತ್ತಿರದ ಹೆಂಗಸರಿಗೆ ಹೇಳಲು ಇನ್ನು ಒಂದು ಮಾತಿತ್ತು, ಆದರೆ ಹೇಳುವವಳ ಹಾಗೆ ಕಾಣಲಿಲ್ಲ.

ದೋಣಿಯ ಪೆಟ್ಟಿಗೆಯಲ್ಲಿ ಸಿಕ್ಕ ಅವನ ವಸ್ತುಗಳನ್ನು ದಫೇದಾರ್ ಮೇಜಿನ ಮೇಲೆ ಇಟ್ಟ. ಒಂದು ಅಂಗಿ, ಬಾಚಣಿಗೆ, ಸತ್ತ ಮೊಬೈಲು, ಮರದ ಹಿಡಿಯ ಉದ್ದನೆಯ ಕೊಡೆ. ಆಕೆ ಅಂಗಿಯನ್ನು ಮಡಚಿದಳು. ಕೊಡೆಯನ್ನು ತಿರುಗಿಸಿ ನೋಡಿದಳು.

"ಇದು ನಮ್ಮದಲ್ಲ."

"ಅವರ ಪೆಟ್ಟಿಗೇಲೇ ಇತ್ತಮ್ಮ."

"ಜೆಟ್ಟಿ ಟಿಕೆಟ್ ಕೌಂಟರಿನ ಅಣ್ಣನದು. ಮಳೆ ಬಂದ ದಿನ ಕೇಳಿ ತಗೊಂಡಿದ್ರು."

ಮಾಲೀಕನಿಗೆ ನೋಟಿಸು ಕೊಡಲು ಇನ್ಸ್‌ಪೆಕ್ಟರ್ ಜೆಟ್ಟಿಗೇ ಹೊರಟಿದ್ದರು. ಆಕೆಯನ್ನು ಜೀಪಿನಲ್ಲಿ ಕೂರಿಸಿಕೊಂಡರು.

ಕೌಂಟರಿನ ಮುಂದೆ ಸಾಲಿರಲಿಲ್ಲ. ಟಿಕೆಟಿನವನು ಆಕೆಯನ್ನು ಕಂಡು ಎದ್ದು ನಿಂತ. ಆಕೆ ಕೊಡೆಯನ್ನು ಕಿಟಕಿಯ ಅಂಚಿಗೆ ಒರಗಿಸಿದಳು.

"ಅಯ್ಯೋ, ಇದಕ್ಕೇನು ಅವಸರ ತಂಗಿ. ನಿಮ್ಮ ಹತ್ರಾನೇ ಇರಲಿ ಬಿಡಿ."

"ಬೇಡ ಅಣ್ಣ. ತಡವಾಯ್ತು. ಸರಿ ಇದೆಯಾ ನೋಡ್ಕೊಳ್ಳಿ."

"ನೋಡೋದೇನು ಬಂತು…"

"ನೋಡಿ."

ಅವನು ಹೊರಗೆ ಬಂದು ಬಿಸಿಲಿನಲ್ಲಿ ಕೊಡೆ ಬಿಚ್ಚಿದ. ಕಡ್ಡಿಗಳೆಲ್ಲ ನೆಟ್ಟಗಿದ್ದವು. ಬಟ್ಟೆಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಒಣಗಿ ಕೂತಿದ್ದವು.

"ಸರಿ ಇದೆ ಕಣಮ್ಮ."

ಆಕೆ ಅವನ ಕೈಯಿಂದ ಕೊಡೆ ತೆಗೆದುಕೊಂಡು, ಸೆರಗಿನಿಂದ ಉಪ್ಪು ಒರೆಸಿ, ಮಡಚಿ, ಪಟ್ಟಿ ಸುತ್ತಿ, ಗುಂಡಿ ಹಾಕಿ ಕೊಟ್ಟಳು.